ಕಾಶವ್ವ ಏಳಬಾರದು

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮಕ್ಕಳನ್ನು ಸವಾರಿ ಕಲಿಯಲು ಸೇರಿಸುವುದಕ್ಕೆಂದು ಬರುವ ತಂದೆ ತಾಯಂದಿರಿಗೆ ನಾನು ಹೇಳುವ ಮೊದಲ ಮಾತು ಇದೇ. ಅವರು ಪಾಪ, ಹೆಲ್ಮೆಟ್ ಎಲ್ಲಿ ಕೊಳ್ಳಬೇಕು, ಬಿದ್ದರೆ ಕೈ ಮುರಿಯುತ್ತದೆಯೇ ಎಂದೆಲ್ಲ ಕೇಳಲು ಬಂದಿರುತ್ತಾರೆ. ನಾನು ವಾಂತಿಯ ಸುದ್ದಿ ತೆಗೆದರೆ ಮುಖ ಕಿವುಚುತ್ತಾರೆ. ಕಿವುಚಿದರೂ ಚಿಂತೆಯಿಲ್ಲ, ನೆನಪಿನಲ್ಲಿ ಉಳಿಯಲಿ ಎಂದೇ ಹೇಳುವುದು. ನಮಗೆ ಹೊಟ್ಟೆ ಕೆಟ್ಟರೆ ಕಕ್ಕಿ ಹಗುರಾಗುತ್ತೇವೆ. ಕುದುರೆಯ ಹೊಟ್ಟೆಗೆ ಹೋದದ್ದಕ್ಕೆ ಹಿಂದೆ ಬರುವ ದಾರಿಯಿಲ್ಲ. ಆದ್ದರಿಂದ ನನ್ನನ್ನು ಕೇಳದೆ ಏನನ್ನೂ ತಿನ್ನಿಸಬೇಡಿ ಎಂದು ಲಾಯದ ಬಾಗಿಲ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಸಿದ್ದೇನೆ. ಎರಡೂ ಭಾಷೆಯಲ್ಲಿ ಓದಿದ ಮೇಲೂ ಬಾಳೆಹಣ್ಣು ಬಚ್ಚಿಟ್ಟುಕೊಂಡು ಬರುವವರು ಇದ್ದೇ ಇರುತ್ತಾರೆ.

ನಮ್ಮದು ಸಣ್ಣ ಸವಾರಿ ಶಾಲೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಾಗ ದೇಸೂರ ದಾಟಿ ಒಳಗೆ ತಿರುಗಿದರೆ ಗೋಡಂಬಿ ತೋಟದ ಪಕ್ಕ ಒಂದು ತಗಡಿನ ಲಾಯ, ಬೇಲಿ ಹಾಕಿದ ದುಂಡನೆಯ ಅಂಗಳ, ಮೇವಿನ ಕೋಣೆ, ಇಷ್ಟೇ. ಕುದುರೆಗಳು ಮೂರಿದ್ದವು. ಎರಡು ಎತ್ತರದವು, ರೇಸಿನಿಂದ ನಿವೃತ್ತಿಯಾಗಿ ಬಂದವು. ತಾವಿನ್ನೂ ಗೆಲ್ಲಲಿದ್ದೇವೆ ಎಂಬ ಭ್ರಮೆ ಅವಕ್ಕೆ ಹೋಗಿಲ್ಲ. ಅಪರಿಚಿತರ ಕೈ ಕಂಡರೆ ಕಚ್ಚುತ್ತವೆ. ಮೂರನೆಯವಳು ಕಾಶವ್ವ. ನನ್ನ ಎದೆಯಷ್ಟೂ ಎತ್ತರವಿಲ್ಲದ, ಕೆಂಪು ಮೈಯ, ಗಿಡ್ಡ ಕಾಲಿನ ತಟ್ಟು. ಹೊಸ ಮಕ್ಕಳೆಲ್ಲ ಮೊದಲು ಹತ್ತುತ್ತಿದ್ದದ್ದು ಅವಳ ಬೆನ್ನನ್ನೇ.

ಕಾಶವ್ವ ಬಂದದ್ದು ನಮ್ಮ ಲಾಯ ನೋಡಿಕೊಳ್ಳುವವರ ಮನೆಯಿಂದ. ಅವರದು ಖಾನಾಪುರ ಕಡೆಯ ಕುರಿಗಾರರ ಮನೆತನ. ಹಿಂದೆ ಕುರಿಯ ಹಿಂಡಿನ ಜೊತೆ ಊರೂರು ಸುತ್ತುವಾಗ ಪಾತ್ರೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿ, ನಡೆಯಲಾರದ ಕೂಸು ಎಲ್ಲವನ್ನೂ ಇಂಥ ತಟ್ಟುಗಳ ಮೇಲೆ ಹೇರುತ್ತಿದ್ದರು. ಈಗ ಹಿಂಡು ಇಲ್ಲ. ಅವರು ನಮ್ಮಲ್ಲಿ ಸಂಬಳಕ್ಕೆ ಸೇರುವಾಗ ಕಾಶವ್ವಳನ್ನೂ ಜೊತೆಗೇ ಕರೆದುಕೊಂಡು ಬಂದರು. ಮಕ್ಕಳೆಲ್ಲ ಅವರನ್ನು ಮಾಮಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನಗೆ ಅವರು ಅಕ್ಕಾರ ಎನ್ನುತ್ತಾರೆ. ವಯಸ್ಸಿನಲ್ಲಿ ಅವರೇ ದೊಡ್ಡವರು, ಆದರೂ ಹಾಗೆ.

ಕಲಿಯುವ ಮಕ್ಕಳಿಗೆ ಒಪ್ಪುವ ಕುದುರೆ ಸಿಗುವುದು ಸುಲಭವಲ್ಲ. ಮಗು ಲಗಾಮನ್ನು ಎಡಕ್ಕೂ ಬಲಕ್ಕೂ ಒಟ್ಟಿಗೇ ಎಳೆಯುತ್ತದೆ. ಭಯವಾದಾಗ ಹಿಮ್ಮಡಿಯಿಂದ ಹೊಟ್ಟೆಗೆ ಒತ್ತುತ್ತದೆ, ಅಂದರೆ ಓಡು ಎಂದು ಹೇಳುತ್ತಲೇ ನಿಲ್ಲು ಎಂದು ಕಿರುಚುತ್ತದೆ. ಬೇರೆ ಕುದುರೆಗಳಾದರೆ ತಲೆ ಕೆಟ್ಟು ಎಗರುತ್ತವೆ. ಕಾಶವ್ವ ಯಾವುದನ್ನು ಕೇಳಬೇಕು, ಯಾವುದನ್ನು ಕೇಳಿಸಿಕೊಳ್ಳಬಾರದು ಎಂದು ತಾನೇ ಆರಿಸಿಕೊಳ್ಳುತ್ತಿದ್ದಳು. ಮಗು ಬಲಕ್ಕೆ ಜಾರಿದರೆ ತಾನೂ ಒಂದು ಹೆಜ್ಜೆ ಬಲಕ್ಕೆ ಸರಿದು ಅದರ ಅಡಿಗೆ ಬಂದು ನಿಲ್ಲುತ್ತಿದ್ದಳು. ಇದನ್ನು ನಾನು ಕಲಿಸಿದ್ದಲ್ಲ. ಕಲಿಸಲು ನನಗೆ ಬರುವುದೂ ಇಲ್ಲ.

ಪ್ರತಿ ವರ್ಷ ಖಂಡೇನವಮಿಗೆ ನಾವು ಜೀನು, ಲಗಾಮು, ಕಾಲಿಡುವ ರಿಕಾಬು, ನಾಲು ಬಡಿಯುವ ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ ಪೂಜೆ ಮಾಡುತ್ತೇವೆ. ಮಕ್ಕಳ ಮನೆಯವರೆಲ್ಲ ಬರುತ್ತಾರೆ. ಅವರು ತಂದ ಸಿಹಿಯೆಲ್ಲ ಮೇವಿನ ಕೋಣೆಯ ದೊಡ್ಡ ಬುಟ್ಟಿಗೆ ಹೋಗಬೇಕು, ಕುದುರೆಗೆ ಒಂದೊಂದು ಗಜ್ಜರಿ ಮಾತ್ರ ಎಂಬುದು ನನ್ನ ಕಟ್ಟಳೆ. ಆ ವರ್ಷ ಪೂಜೆಯ ಹೊತ್ತು ಎಲ್ಲರಿಗೂ ಹೇಳಿಯಾಗಿತ್ತು. ಆದರೆ ಹಬ್ಬದ ದಿನ ಒಂದೊಂದು ಮನೆಗೆ ಒಂದೊಂದು ಅನುಕೂಲ. ಅಂಗಡಿ ಪೂಜೆ ಇದ್ದವರು, ಗಾಡಿ ಪೂಜೆ ಇದ್ದವರು, ಊರಿಗೆ ಹೊರಟವರು, ಎಲ್ಲರೂ ಬೆಳಿಗ್ಗೆಯೇ ದಾರಿಯಲ್ಲಿ ಹಾಗೇ ಒಂದು ಗಳಿಗೆ ಬಂದು ಹೋಗಿದ್ದರು. ನಾನು ಆಗ ಬೆಳಗಾವಿಯ ಹೂವಿನ ಪೇಟೆಯಲ್ಲಿ ಚೆಂಡುಹೂವಿಗೆ ಚೌಕಾಶಿ ಮಾಡುತ್ತಿದ್ದೆ.

ಬಂದವರು ಎತ್ತರದ ಕುದುರೆಗಳ ಹತ್ತಿರ ಹೋಗಲಿಲ್ಲ, ಅವು ಕಚ್ಚುತ್ತವಲ್ಲ. ತಮ್ಮ ಮಗುವನ್ನು ಮೊದಲು ಹೊತ್ತವಳು ಕಾಶವ್ವ, ಅವಳಿಗೇ ಕುಂಕುಮ, ಅವಳಿಗೇ ಹಾರ, ಅವಳಿಗೇ ಹೋಳಿಗೆ. ಯಾರು ಏನು ಕೊಟ್ಟರೂ ತುಟಿ ಮುಂದೆ ಮಾಡಿ ಮೆಲ್ಲಗೆ ತೆಗೆದುಕೊಳ್ಳುವುದು ಅವಳ ಸ್ವಭಾವ. ಮಾಮಾ ಮೊದಲಿಗೆ ಬೇಡವೆಂದರಂತೆ. ದೇವರ ಮುಂದೆ ಎಡೆ ಹಿಡಿದು ತಂದದ್ದು, ಪ್ರಸಾದ ಎಂದಮೇಲೆ ಸುಮ್ಮನಾದರಂತೆ. ಅವರ ಮನೆಯಿಂದಲೂ ಗೋಧಿ ಹುಗ್ಗಿ ಬಂದಿತ್ತು. ಹಿಂಡಿನ ಕಾಲದಿಂದ ಆ ದಿನದ ಹುಗ್ಗಿಯ ಮೊದಲ ತುತ್ತು ತಟ್ಟಿನದು. ಆಗ ದಿನವಿಡೀ ಭಾರ ಹೊತ್ತು ನಡೆಯುತ್ತಿದ್ದ ತಟ್ಟುಗಳು ಅದನ್ನು ಅರಗಿಸಿಕೊಳ್ಳುತ್ತಿದ್ದವು. ಅಂಗಳದಲ್ಲಿ ಸುತ್ತು ಹಾಕಿ ದುಂಡಗಾಗಿದ್ದ ಕಾಶವ್ವಳ ಸಂಗತಿ ಬೇರೆ.

ನಾನು ಬಂದಾಗ ಎಲ್ಲವೂ ಸರಿಯಾಗಿಯೇ ಇತ್ತು. ಪೂಜೆಯಾಯಿತು. ಗಜ್ಜರಿ ಹಂಚಿದೆವು. ಕಾಶವ್ವ ತನ್ನ ಗಜ್ಜರಿಯನ್ನು ಮೂಸಿ ಬಿಟ್ಟಳು. ನನಗೆ ಅಷ್ಟು ವಿಚಿತ್ರ ಅನ್ನಿಸಲಿಲ್ಲ, ಜನಜಂಗುಳಿಗೆ ಬೇಸತ್ತಿರಬೇಕು ಎಂದುಕೊಂಡೆ.

ಮರುದಿನ ಅನಗೋಳದ ನಮ್ಮ ತವರಿನಲ್ಲಿ ಬನ್ನಿ ಹಂಚುತ್ತಿದ್ದಾಗ ಮಾಮಾನ ಫೋನು ಬಂತು.

"ಅಕ್ಕಾರ, ಕಾಶವ್ವ ಮೇವು ಮುಟ್ಟವಲ್ಲಳ್ರಿ. ಲದ್ದಿನೂ ತೆಳ್ಳಗ ಆಗೇತಿ. ನಿಂತ ರೀತಿ ನೋಡಿದ್ರ ನನಗ ಹೆಂಗೋ ಆಗಾಕತ್ತೈತಿ."

ನಾನು ಹೋಗಿ ನೋಡಿದಾಗ ಅವಳು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಕಾದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರ ಹಾಗೆ. ಗೊರಸಿನ ಮೇಲೆ ಅಂಗೈ ಇಟ್ಟೆ, ಬಿಸಿಯಿತ್ತು. ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಬೆರಳಿಟ್ಟು ನಾಡಿ ನೋಡಿದೆ. ಚೆನ್ನಾಗಿರುವ ಕುದುರೆಯಲ್ಲಿ ಆ ನಾಡಿಯನ್ನು ಹುಡುಕಬೇಕು. ಅವಳಲ್ಲಿ ಅದು ಬೆರಳನ್ನು ತಳ್ಳುತ್ತಿತ್ತು.

ಇದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಕುದುರೆಯ ಪಾದದ ಎಲುಬು ಗೊರಸಿನೊಳಗೆ ಒಂದು ಹಸಿ ಪದರದಿಂದ ತೂಗುಹಾಕಿಕೊಂಡಿರುತ್ತದೆ. ನಮ್ಮ ಉಗುರಿನಡಿಯ ಮಾಂಸ ಇದೆಯಲ್ಲ, ಅಂಥದ್ದು. ಸಿಹಿ, ಕಾಳು ಅತಿಯಾಗಿ ಹೊಟ್ಟೆ ಸೇರಿದರೆ ಒಳಗೆ ಹುಳಿಯೆದ್ದು ವಿಷ ರಕ್ತಕ್ಕೆ ಇಳಿಯುತ್ತದೆ, ಆ ಪದರ ಬಾತು ಬಿಡಿಸಿಕೊಳ್ಳತೊಡಗುತ್ತದೆ. ಆಮೇಲೆ ಕುದುರೆಯ ಮೈಭಾರವೇ ಎಲುಬನ್ನು ಅಂಗಾಲಿನತ್ತ ತಳ್ಳುತ್ತದೆ. ನೋವು ಕಾಣಿಸಿಕೊಳ್ಳುವುದು ಒಂದು ದಿನ ತಡವಾಗಿ. ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಕೆಲಸ ಅರ್ಧ ಮುಗಿದಿರುತ್ತದೆ.

ಖಾನಾಪುರದ ದನದ ಡಾಕ್ಟರು ಹಬ್ಬದ ಊಟ ಬಿಟ್ಟು ಮೋಟಾರ್ ಸೈಕಲ್ ಮೇಲೆ ಬಂದರು. ಮೊದಲೇ ಹೇಳಿಬಿಟ್ಟರು, "ಮೇಡಂ, ನಾ ಎಮ್ಮಿ ಡಾಕ್ಟರ್ ಅದೀನ್ರಿ. ಕುದುರಿ ಓದೇನಿ ಖರೇ, ಕೈಯಾಗ ಹಿಡದಿದ್ದು ಕಮ್ಮಿ." ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಪುಣೆಯ ಕುದುರೆ ಡಾಕ್ಟರೊಬ್ಬರಿಗೆ ವೀಡಿಯೊ ಕರೆ ಮಾಡಿ ಮೊಬೈಲನ್ನು ಮಾಮಾನ ಕೈಗೆ ಕೊಟ್ಟೆವು. ಅವರು ಅಲ್ಲಿಂದ ಹೇಳಿದಂತೆ ಇವರು ಇಲ್ಲಿ ಮಾಡುತ್ತ ಹೋದರು. ಮೂಗಿನ ಹೊಳ್ಳೆಯಿಂದ ನಳಿಕೆ ಇಳಿಸಬೇಕು. ಅದು ಶ್ವಾಸನಾಳಕ್ಕೆ ಹೋಗದೆ ಅನ್ನನಾಳಕ್ಕೇ ಹೋಗಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು, ತಪ್ಪಿದರೆ ಎಣ್ಣೆ ಪುಪ್ಪುಸಕ್ಕೆ ಇಳಿದು ಅಲ್ಲೇ ಮುಗಿಯುತ್ತದೆ. ಡಾಕ್ಟರು ನಳಿಕೆಯನ್ನು ಹೊರಗೆಳೆದು ಮತ್ತೆ ಇಳಿಸಿದರು, ಕುತ್ತಿಗೆಯ ಎಡಬದಿಯಲ್ಲಿ ಅದು ಜಾರುವುದನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಆಮೇಲೆ ಪ್ಯಾರಾಫಿನ್ ಎಣ್ಣೆ ಹೊಯ್ದೆವು. ನೋವಿಗೆ ಚುಚ್ಚುಮದ್ದು ಕೊಟ್ಟರು. ಕಾಶವ್ವ ಒಂದು ಸಲವೂ ತಲೆ ಅಲುಗಿಸಲಿಲ್ಲ.

ಮುಂದಿನದು ಮಂಜುಗಡ್ಡೆ. ಮೊಣಕಾಲಿನವರೆಗೆ ಕಾಲುಗಳು ಎಡೆಬಿಡದೆ ಮಂಜಿನಲ್ಲಿರಬೇಕು. ದಸರೆಯ ದಿನ ಮಂಜುಗಡ್ಡೆಯ ಕಾರ್ಖಾನೆಗೆ ಬೀಗ. ಕೊನೆಗೆ ಸಿಕ್ಕಿದ್ದು ಮೀನು ಪೇಟೆಯಲ್ಲಿ. ಇಷ್ಟಲಿಂಗ ಕಟ್ಟಿಕೊಂಡ ಮನೆಯ ಹೆಣ್ಣುಮಗಳು ನಾನು, ಹಬ್ಬದ ರೇಷ್ಮೆ ಸೀರೆಯಲ್ಲಿ ಬಂಗಡೆ ಮೀನಿನ ಪೆಟ್ಟಿಗೆಗಳ ನಡುವೆ ನಿಂತು ಮಂಜಿಗಾಗಿ ಅಂಗಲಾಚುವುದನ್ನು ಕಂಡು ಮೀನಿನವಳಿಗೇ ನಗು ಬಂತು. ಗೊಬ್ಬರದ ಚೀಲಗಳಲ್ಲಿ ಅದನ್ನು ತುಂಬಿ ಕಾಶವ್ವಳ ಕಾಲಿಗೆ ಕಟ್ಟಿದೆವು. ಕರಗಿದ ಹಾಗೆ ಬದಲಿಸಿದೆವು. ಮೀನಿನ ವಾಸನೆಗೆ ಅವಳು ಮೂಗು ಸಿಂಡರಿಸಿದಳು, ಆದರೆ ಕಾಲು ಎತ್ತಲಿಲ್ಲ. ತಡವಾಗಿದೆ, ಮಂಜು ಮೊದಲ ದಿನವೇ ಕಟ್ಟಬೇಕಿತ್ತು ಎಂದರು ಪುಣೆಯ ಡಾಕ್ಟರು.

ಆ ನಡುವೆ ನಾನು ಒಂದೊಂದೇ ಮನೆಗೆ ಫೋನು ಮಾಡಿದೆ. ನನ್ನ ಬಾಯಿ ಸುಮಾರಿನದಲ್ಲ. ಜೀನಿನ ಪಟ್ಟಿ ಸಡಿಲ ಕಟ್ಟಿದವರಿಗೆ, ಹೆಲ್ಮೆಟ್ ಮರೆತು ಬಂದವರಿಗೆ ನಾನು ಬೈದದ್ದು ರಸ್ತೆಯವರೆಗೆ ಕೇಳಿಸಿದ್ದಿದೆ. ಆ ದಿನ ಸರಿಯಾಗಿ ಬೈಯಬೇಕೆಂದೇ ಫೋನು ಹಿಡಿದಿದ್ದೆ. ಎಲ್ಲರ ಉತ್ತರವೂ ಒಂದೇ. ಒಂದ ಹೋಳಿಗಿ ರೀ ಟೀಚರ್, ಒಂದ. ಒಬ್ಬರು ಒಂದು ಹಿಡಿ ನೆನೆಸಿದ ಕಡಲೆ, ಒಬ್ಬರು ಚೂರು ಬೆಲ್ಲ, ಇನ್ನೊಬ್ಬರು ಅರ್ಧ ಹೋಳಿಗೆ, ಉಳಿದರ್ಧ ಮಗು ತಿಂದಿತ್ತಂತೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಮ್ಮದೊಂದೇ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಮಾಮಾನನ್ನು ಬೈಯೋಣವೆಂದರೆ ಅವರು ಮಂಜಿನ ನೀರಿನಲ್ಲಿ ಮಂಡಿಯೂರಿ ಕುಳಿತು ಚೀಲದ ಹುರಿ ಬಿಗಿಯುತ್ತಿದ್ದರು. ಪ್ರಸಾದಕ್ಕೆ ಒಲ್ಲೆ ಅನ್ನಲು ತಮಗೆ ಬಾಯಿ ಬರಲಿಲ್ಲ ಎಂದಷ್ಟೇ ಹೇಳಿದರು. ಅವರ ಜಾಗದಲ್ಲಿ ನನ್ನ ತಾಯಿ ನಿಂತಿದ್ದರೂ ಬರುತ್ತಿರಲಿಲ್ಲ. ಸಿಟ್ಟು ಗಂಟಲವರೆಗೆ ಬಂದು ಬೈಯಲು ಒಬ್ಬರೂ ಸಿಗದೆ ಅಲ್ಲೇ ಕುಳಿತಿತು.

ಮಂಜು ಬಿಚ್ಚಿದ ಮೇಲೆ ಅವಳು ಸ್ವಲ್ಪ ಹುಲ್ಲು ತಿಂದಳು. ಎರಡು ಹೆಜ್ಜೆ ಇಟ್ಟಳು. ನಾವು ಹಿಗ್ಗಿದೆವು. ಲಾಯದ ನೆಲಕ್ಕೆ ಮೊಣಕಾಲುದ್ದ ಉಸುಕು ಹಾಕಿಸಿದೆವು, ಅಂಗಾಲಿಗೆ ಮೆತ್ತಗಿರಲಿ ಎಂದು. ಗಣಪತಿ ಮಂಟಪ ಕಟ್ಟುವ ಅನಗೋಳದ ಹುಡುಗರ ಹತ್ತಿರ ದಪ್ಪ ಥರ್ಮಾಕೋಲ್ ಹಲಗೆ ಉಳಿದಿತ್ತು. ಅದನ್ನು ಗೊರಸಿನ ಆಕಾರಕ್ಕೆ ಕತ್ತರಿಸಿ, ಬೆಳ್ಳಿ ಬಣ್ಣದ ಟೇಪು ಸುತ್ತಿ ಪಾದಕ್ಕೆ ಕಟ್ಟಿದೆವು. ಮೈಭಾರಕ್ಕೆ ಅದು ಒತ್ತಿಕೊಂಡು ಪಾದದ ಅಚ್ಚಿಗೇ ಕೂಡುತ್ತದೆ, ಎಲುಬಿಗೆ ಕೆಳಗಿನಿಂದ ಆಸರೆಯಾಗುತ್ತದೆ. ಹೊಸ ಬೂಟು ಹಾಕಿಕೊಂಡ ಕಾಶವ್ವಳ ಫೋಟೊ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೃದಯದ ಚಿತ್ರಗಳು ಸಾಲುಸಾಲಾಗಿ ಬಂದವು.

ಆಮೇಲೆ ಅವಳು ಮಲಗಿಬಿಟ್ಟಳು. ಎದ್ದರೆ ನಡುಗುತ್ತಿದ್ದಳು. ಬೆಳಗಾವಿಯಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಡಾಕ್ಟರೊಬ್ಬರ ಹತ್ತಿರ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರವಿತ್ತು. ಕುದುರೆಯ ಚಿತ್ರ ಅವರೂ ತೆಗೆದಿರಲಿಲ್ಲ, ಆದರೂ ಬಂದರು. ಮರದ ದಿಮ್ಮಿಯ ಮೇಲೆ ಒಂದು ಮುಂಗಾಲು ಇರಿಸಿ, ಪಕ್ಕದಲ್ಲಿ ತಗಡು ಹಿಡಿದು ಚಿತ್ರ ತೆಗೆಯಬೇಕು. ಅಂದರೆ ಅಷ್ಟು ಹೊತ್ತು ಅವಳು ನಿಂತೇ ಇರಬೇಕು. ನಿಂತಳು. ಚಿತ್ರದಲ್ಲಿ ಎಲುಬಿನ ತುದಿ ಕೆಳಗೆ ತಿರುಗಿ ಅಂಗಾಲಿನ ಚರ್ಮಕ್ಕೆ ತಾಗುವುದರಲ್ಲಿತ್ತು. ಎರಡೂ ಮುಂಗಾಲುಗಳಲ್ಲೂ ಹಾಗೇ. ಪುಣೆಯ ಡಾಕ್ಟರು ಚಿತ್ರ ನೋಡಿ, ಇನ್ನು ಎಲುಬು ಅಂಗಾಲನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅದಕ್ಕೆ ಮೊದಲೇ ಅವಳನ್ನು ಕಳಿಸಿಕೊಡುವುದು ದಯೆ ಎಂದರು. ಪುಣೆಗೆ ತರಲೇ ಎಂದು ಕೇಳಿದೆ. ಅಷ್ಟು ದೂರ ಲಾರಿಯಲ್ಲಿ ಅವಳು ಯಾವ ಕಾಲಿನ ಮೇಲೆ ನಿಲ್ಲುತ್ತಾಳೆ ಎಂದು ಅವರು ಕೇಳಿದರು. ಇಲ್ಲಿನ ಇಬ್ಬರು ಡಾಕ್ಟರರೂ ಅವರ ಮಾತಿಗೇ ಒಪ್ಪಿದರು.

ಗುಂಪಿನಲ್ಲಿ ವಿಷಯ ತಿಳಿಸಿದೆ. ಹೃದಯಗಳು ನಿಂತವು. ಎಲ್ಲರೂ ಫೋನು ಮಾಡತೊಡಗಿದರು. ಒಬ್ಬರು ಗೋಕಾಕ ಕಡೆಯ ನಾಟಿ ವೈದ್ಯರ ವಿಳಾಸ ಕೊಟ್ಟರು, ಒಬ್ಬರು ಅಭಿಷೇಕ ಮಾಡಿಸಿದರು. ಎಲ್ಲಕ್ಕಿಂತ ಗಟ್ಟಿಯಾಗಿ ಬೇಡವೆಂದವರು ರಾಮತೀರ್ಥ ನಗರದ ಒಬ್ಬ ತಾಯಿ. ಅವರ ಮಗಳು ನಾಲ್ಕನೆಯ ತರಗತಿಯವಳು, ಕಾಶವ್ವಳ ಮೇಲೆಯೇ ಕಲಿತು ಆಗಷ್ಟೇ ಕೈಬಿಟ್ಟು ಕುಳಿತುಕೊಳ್ಳುವಷ್ಟು ಆಗಿದ್ದವಳು.

"ನಮ್ಮ ಮನ್ಯಾಗ ಇರಿವಿನ್ನೂ ಕೊಲ್ಲಂಗಿಲ್ರಿ ಟೀಚರ್," ಎಂದರು ಅವರು. "ನಮ್ಮ ಕೈಲೆ ತಿಂದು ಬಿದ್ದಾಳ. ಈಗ ನಾವ ಸೂಜಿ ಚುಚ್ಚಿ ಕಳಸೂದಂದ್ರ, ಅದು ಯಾವ ನ್ಯಾಯ ಆಗತೈತ್ರಿ?"

ನಾನೂ ಅಂಥದ್ದೇ ಮನೆಯಲ್ಲಿ ಬೆಳೆದವಳು. ಜಿರಲೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವವರು ನಮ್ಮವರು. ಮಾಮಾನನ್ನು ಕೇಳಿದರೆ ಅವರು ಕಾಶವ್ವಳ ಕಡೆ ನೋಡುತ್ತ, ನೀವು ಹೆಂಗ ಅಂತೀರಿ ಹಂಗ ಎನ್ನುತ್ತಿದ್ದರು. ಹಾಗಾಗಿ ದಿನಗಳು ಜಾರಿದವು. ನಾನು ಬೆಳಿಗ್ಗೆ ಬಂದು ಟೇಪು ಬಿಚ್ಚಿ ಅಂಗಾಲು ನೋಡುತ್ತಿದ್ದೆ. ತುದಿಯಲ್ಲಿ ಉಬ್ಬು ಬಂದಿತ್ತು, ಅದರಿಂದ ನೀರು ಒಸರುತ್ತಿತ್ತು. ತೊಳೆದು, ಔಷಧ ಹಚ್ಚಿ, ಮತ್ತೆ ಕಟ್ಟುತ್ತಿದ್ದೆ. ನೋವಿನ ಮದ್ದು ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಣ್ಣು, ಕಡಿಮೆ ಮಾಡಿದರೆ ನರಳಾಟ. ಏನು ಮಾಡಿದರೂ ಅದು ಅವಳಿಗೆ ತಾಗುತ್ತಿರಲಿಲ್ಲ, ನನಗೆ ಸಮಾಧಾನವಾಗಲಿ ಎಂದು ಮಾಡಿದ ಹಾಗಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿ ಇಷ್ಟು ಕೈಲಾಗದವಳು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಲಗಿದ್ದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಮಲಗಿದರೆ ಪಾದದ ಮೇಲೆ ಭಾರ ಬೀಳುವುದಿಲ್ಲ. ನಾನು, ಮಾಮಾ, ಡಾಕ್ಟರು ಒಳಗೆ ಬಂದರೆ ಕಾಶವ್ವ ಮಲಗಿದಲ್ಲಿಂದಲೇ ಕಿವಿ ಹೊರಳಿಸುತ್ತಿದ್ದಳು, ಅಷ್ಟೇ. ಆದರೆ ಭಾನುವಾರ ಮಕ್ಕಳು ನೋಡಲು ಬಂದರು. ಅವರ ದನಿ ಗೇಟಿನಲ್ಲಿ ಕೇಳಿಸಿದ್ದೇ ತಡ, ಅವಳು ಮುಂಗಾಲು ಊರಿ, ನರಳಿ, ಎದ್ದು ನಿಂತಳು. ಮಕ್ಕಳಿಗೆ ಖುಷಿಯೋ ಖುಷಿ. ಪಾಲಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿದಿರಾ, ಚೇತರಿಸಿಕೊಳ್ಳುತ್ತಿದ್ದಾಳೆ ಎಂದರು. ಅವರು ಹೋದ ಮೇಲೆ ಅವಳು ಬಿದ್ದ ರೀತಿಯನ್ನು ಅವರು ನೋಡಲಿಲ್ಲ.

ಮಕ್ಕಳನ್ನು ಕಂಡ ಪ್ರೀತಿ ಎಂದು ನಾನೂ ಮೊದಲು ತಿಳಿದಿದ್ದೆ. ಮರುದಿನ ದಾರಿಯಲ್ಲಿ ಶಾಲೆಯ ಆಟೊ ನಿಂತು ಮಕ್ಕಳು ಕೂಗಾಡಿದರು. ಯಾರೂ ಒಳಗೆ ಬರಲಿಲ್ಲ. ಅವಳು ಎದ್ದು ನಿಂತಳು. ಪ್ರೀತಿ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮಕ್ಕಳ ದನಿ ಎಂದರೆ ಪಾಠದ ಹೊತ್ತು. ಪಾಠದ ಹೊತ್ತಿಗೆ ನಿಂತಿರಬೇಕು. ಎಷ್ಟೋ ವರ್ಷ ದಿನಾ ನಾನೇ ಅವಳಿಂದ ಮಾಡಿಸಿದ ಕೆಲಸ ಅದು.

ಮಕ್ಕಳು ಬರಬಾರದೆಂದು ಗುಂಪಿನಲ್ಲಿ ಹಾಕಿದೆ. ಟೀಚರ್ ಮನಸ್ಸು ಮಾಡಿಬಿಟ್ಟಿದ್ದಾರೆ, ಅದಕ್ಕೇ ನಮ್ಮನ್ನು ದೂರ ಇಡುತ್ತಿದ್ದಾರೆ ಎಂದು ಆಡಿಕೊಂಡರು. ರಾಮತೀರ್ಥ ನಗರದ ತಾಯಿ ಸಂಜೆ ಮಗಳನ್ನೂ ಕರೆದುಕೊಂಡು ನೇರ ಬಂದೇಬಿಟ್ಟರು. ಅವರು ಮೇವಿನ ಕೋಣೆಯ ಮುಂದೆ ನನ್ನ ಜೊತೆ ವಾದಕ್ಕೆ ನಿಂತರು. ಕೃತಕ ಪಾದ ಹಾಕಿದ ಹಸುವಿನ ವೀಡಿಯೊ ನೋಡಿದ್ದರಂತೆ. ಇಷ್ಟು ದಿನ ತಾಳಿದ್ದೀರಿ, ಇನ್ನೊಂದು ತಿಂಗಳು ನೋಡಿರಿ ಎಂದರು. ನಾನೂ ದನಿ ಏರಿಸಿದೆ. ನಮ್ಮಿಬ್ಬರ ಜಗಳದ ನಡುವೆ ಹುಡುಗಿ ಯಾವಾಗ ಲಾಯದೊಳಗೆ ಹೋದಳೋ ಗೊತ್ತಾಗಲಿಲ್ಲ.

ಉಸುಕು ಸರಿದ ಸದ್ದಾಯಿತು. ಇಬ್ಬರೂ ತಿರುಗಿದೆವು.

ಹುಡುಗಿ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಕರೆದಿರಲಿಲ್ಲ, ಮುಟ್ಟಿರಲಿಲ್ಲ. ಕಾಶವ್ವ ಏಳುತ್ತಿದ್ದಳು. ಮೊದಲ ಸಲ ಮುಂಗಾಲು ಊರಿದಾಗ ನೋವಿಗೆ ಕುಸಿದಳು. ಎರಡನೆಯ ಸಲ ಎದ್ದಳು. ಎದ್ದು ನಿಲ್ಲಲಿಲ್ಲ, ತಿರುಗತೊಡಗಿದಳು. ಆ ಪಾದಗಳ ಮೇಲೆ, ಚೂರು ಚೂರೇ, ಪ್ರತಿ ಹೆಜ್ಜೆಗೂ ಮೈ ಹಿಂದಕ್ಕೆ ಎಳೆದುಕೊಳ್ಳುತ್ತ. ಟೇಪಿನ ಅಂಚಿನಿಂದ ಉಸುಕಿನ ಮೇಲೆ ಕೆಂಪು ಹನಿ ಬಿತ್ತು. ಕೊನೆಗೆ ತನ್ನ ಎಡ ಮಗ್ಗುಲನ್ನು ಹುಡುಗಿಯ ಕಡೆಗೆ ಮಾಡಿ, ತಲೆ ನೇರ ಇಟ್ಟು, ಅಲುಗದೆ ನಿಂತಳು. ಸವಾರರು ಹತ್ತುವುದು ಎಡಗಡೆಯಿಂದ.

ತಾಯಿಗೆ ಕುದುರೆಯ ವಿಷಯ ಹೆಚ್ಚೇನೂ ಗೊತ್ತಿಲ್ಲ. ಆದರೆ ಮಗಳು ಹತ್ತುವುದನ್ನು ಬೇಲಿಯಾಚೆಯಿಂದ ಪ್ರತಿವಾರ ನೋಡಿದವರು. ಹುಡುಗಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊರಗೆ ಬಂದು ಅಮ್ಮನ ಸೆರಗು ಹಿಡಿದಳು. ಕಾಶವ್ವ ಇನ್ನೂ ನಿಂತೇ ಇದ್ದಳು. ನಾವು ಮೂವರೂ ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು ಎಂದು ಮಾಮಾ ಆಮೇಲೆ ಹೇಳಿದರು.

ಗೋಡಂಬಿ ಗಿಡದ ಹತ್ತಿರ ಬಂದ ಮೇಲೆ ತಾಯಿ ಕಣ್ಣೊರೆಸಿಕೊಂಡರು. "ಆಕಿನ್ನ ಕಳಿಸಿಬಿಡ್ರಿ ಟೀಚರ್," ಎಂದರು. "ನಾವು ಬಂದಷ್ಟೂ ಆಕಿಗೆ ತ್ರಾಸ ಐತಿ."

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಇಷ್ಟು ದಿನ ನನ್ನಿಂದಾಗದ ತೀರ್ಮಾನ ಒಂದು ವಾಕ್ಯದಲ್ಲಿ ಮುಗಿಯಿತು. ಧೈರ್ಯ ಬಂತೆಂದಲ್ಲ. ಬೇರೆ ಏನೂ ಉಳಿದಿರಲಿಲ್ಲ.

ಇದಕ್ಕೂ ಕ್ರಮವಿದೆ. ಇಬ್ಬರು ಡಾಕ್ಟರರು ನೋಡಿ ಒಪ್ಪಬೇಕು, ಅದು ಆಗಿತ್ತು. ಗುಂಡಿ ಬಾವಿಯಿಂದ ದೂರವಿರಬೇಕು, ಆಳವಿರಬೇಕು. ಜಾಗವನ್ನು ಮಾಮಾ ತೋರಿಸಿದರು, ಜೆಸಿಬಿ ಬಂದು ತೋಡಿ ಹೋಯಿತು. ಸುಣ್ಣ, ಉಪ್ಪು ತರಿಸಿದೆವು. ಉಳಿದೆರಡು ಕುದುರೆಗಳನ್ನು ತೋಟದ ಆ ಬದಿಗೆ ಕಟ್ಟಿದೆವು. ಎಲ್ಲರಿಗೂ ಬರಬೇಡಿ ಎಂದು ಹೇಳಿಯಾಗಿತ್ತು. ನಿಂತ ಕುದುರೆಗೆ ಮದ್ದು ಕೊಟ್ಟರೆ ಧೊಪ್ಪನೆ ಬೀಳುತ್ತದೆ, ಮಲಗಿದ್ದಾಗಲೇ ಕೊಟ್ಟರೆ ನಿದ್ದೆ ಹೋದಂತೆ ಹೋಗುತ್ತಾಳೆ, ಆದ್ದರಿಂದ ಏನಾದರೂ ಆಗಲಿ ಅವಳು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ನನಗಿದ್ದದ್ದು ಅದೊಂದೇ ಯೋಚನೆ. ರಸ್ತೆಯಲ್ಲಿ ಒಂದು ಮಗುವೂ ಕೂಗದಿರಲಿ ಎಂದು ಶಾಲೆಯ ಆಟೊದವರಿಗೂ ಹೇಳಿ ಬಂದಿದ್ದೆ.

ಮಧ್ಯಾಹ್ನ ಡಾಕ್ಟರು ಸೂಜಿ ಸಿದ್ಧ ಮಾಡುತ್ತಿದ್ದಾಗ ಗೇಟಿನ ಹೊರಗೆ ಕಾರೊಂದು ಬಂದು ನಿಂತ ಸದ್ದಾಯಿತು. ಎಷ್ಟು ಹೇಳಿದರೂ ಇವರಿಗೆ ಬುದ್ಧಿ ಬರುವುದಿಲ್ಲವಲ್ಲ ಎಂದು ಹೊರಗೆ ಓಡಬೇಕೆಂದುಕೊಂಡೆ. ಕಾಶವ್ವ ತಲೆ ಎತ್ತಿದಳು, ಕಿವಿ ಗೇಟಿನ ಕಡೆ ನಿಗುರಿದವು. ಮಡಚಿದ ಮುಂಗಾಲು ಅಲುಗಿತು. ಮಾಮಾ ಅವಳ ತಲೆಯ ಹತ್ತಿರ ಕುಳಿತಿದ್ದವರು ಕೆನ್ನೆಯ ಮೇಲೆ ಅಂಗೈ ಇಟ್ಟರು. "ಉಠೂ ನಕೋ ಗ, ಬಾಯ," ಎಂದರು. ಅವರ ಮನೆಯ ಮರಾಠಿಯಲ್ಲಿ ಏಳಬೇಡವೇ ತಾಯಿ ಎಂದು. ನಾವೆಲ್ಲ ಕಿವಿಗೊಟ್ಟು ಕಾದೆವು. ಕಾರಿನ ಬಾಗಿಲು ತೆರೆದ ಸದ್ದಾಗಲಿಲ್ಲ. ಯಾವ ದನಿಯೂ ಬರಲಿಲ್ಲ. ಹೊರಗೆ ಬರೀ ಗಾಳಿಯಿತ್ತು. ಕಾಶವ್ವ ಇನ್ನೂ ಸ್ವಲ್ಪ ಹೊತ್ತು ಕೇಳಿದಳು, ಕೇಳಿ ತಲೆಯನ್ನು ಮಾಮಾನ ತೊಡೆಯ ಮೇಲೆ ಇಳಿಸಿದಳು. ಮೊದಲು ಮಂಪರಿನ ಸೂಜಿ, ಆಮೇಲೆ ದೊಡ್ಡದು. ಡಾಕ್ಟರು ಕಣ್ಣಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು, ಎದೆಯ ಮೇಲೆ ಕೊಳವೆ ಇಟ್ಟು ಕೇಳಿದರು, ನ್ಯಾಯವಾಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದರು. ಆಮೇಲೆ ಎದ್ದು ನಿಂತು ಕೈ ತೊಳೆಯಲು ಹೋದರು.

ನಾನು ಗೇಟಿಗೆ ಹೋದೆ. ರಾಮತೀರ್ಥ ನಗರದವರ ಕಾರು. ಗಾಜುಗಳನ್ನೆಲ್ಲ ಏರಿಸಿ, ಎಂಜಿನ್ ಆರಿಸಿ, ಆ ಸೆಖೆಯಲ್ಲಿ ತಾಯಿ ಸ್ಟೇರಿಂಗ್ ಹಿಡಿದು ಕುಳಿತಿದ್ದರು. ಹಠ ಮಾಡಿದಳು, ದೂರದಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟಳು, ಅದಕ್ಕೇ ಕರೆತಂದೆ ಎಂದು ಗಾಜನ್ನು ಚೂರೇ ಇಳಿಸಿ ಪಿಸುಗುಟ್ಟಿದರು. ಹಿಂದಿನ ಸೀಟಿನ ಬಾಗಿಲು ತೆಗೆದೆ. ಹುಡುಗಿ ಕಿಟಕಿಗೆ ಕಾಣದ ಹಾಗೆ ಸೀಟಿನ ಕೆಳಗೆ ಮುದುಡಿಕೊಂಡಿದ್ದಳು. ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ನನ್ನನ್ನು ನೋಡಿ ಕೈಯನ್ನು ಚೂರು ಸರಿಸಿ ಪಿಸುದನಿಯಲ್ಲಿ ಕೇಳಿದಳು.

"ಎದ್ದಳೇನ್ರಿ ಟೀಚರ್?"

"ಇಲ್ಲವ್ವಾ," ಎಂದೆ. "ಏಳಲಿಲ್ಲ."

ಆಗ ಅವಳು ಬಾಯಿಂದ ಕೈ ತೆಗೆದು ಅತ್ತಳು.